ಬೀಗವಿಲ್ಲದ ಅರಿವು

ನಾಲ್ಕು ಶುಭಸಂದೇಶಗಳನ್ನು ಎಷ್ಟು ಸಲ ಓದಿದರೂ ಸಂತ ಜೋಸೆಫರು ಆಡಿದ ಒಂದೇ ಒಂದು ಮಾತು ಅಲ್ಲಿ ಸಿಗುವುದಿಲ್ಲ. ದೇವದೂತನ ಮಾತನ್ನು ಕೇಳಿದರು, ಎದ್ದರು, ನಡೆದರು, ದುಡಿದರು. ಅವರ ಈ ಮೌನವನ್ನು ಧರ್ಮಸಭೆ ಸದ್ಗುಣವೆಂದು ಗೌರವಿಸುತ್ತದೆ, ಅದು ಯುಕ್ತವೇ. ಆದರೆ ನಮ್ಮ ಧರ್ಮಕೇಂದ್ರಗಳ ಕುಟುಂಬಗಳಲ್ಲಿ ಇನ್ನೊಂದು ಬಗೆಯ ಮೌನವೂ ಇದೆ. ಅದು ವಿಧೇಯತೆಯಿಂದ ಹುಟ್ಟಿದ್ದಲ್ಲ, ಸಂಕೋಚದಿಂದ ಹುಟ್ಟಿದ್ದು. ಬಾಯೊಳಗೆ ಮೂರು ತಿಂಗಳಿಂದ ಮಾಯದ ಹುಣ್ಣಿದ್ದರೂ ಮನೆಯ ಯಜಮಾನ ಅದನ್ನು ಹೇಳುವುದಿಲ್ಲ. ರಾತ್ರಿ ನಾಲ್ಕು ಸಲ ಮೂತ್ರಕ್ಕೆಂದು ಏಳುವ ಅಜ್ಜ ಅದನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಎದೆ ಹಿಡಿದಂತಾದರೆ ಅಣ್ಣ ಗ್ಯಾಸ್ ಎಂದು ಹೇಳಿ ಕೆಲಸಕ್ಕೆ ಹೊರಡುತ್ತಾನೆ. ಹೆಂಡತಿಯ ಮುಂದೆ, ಮಕ್ಕಳ ಮುಂದೆ, ಕೆಲವೊಮ್ಮೆ ವೈದ್ಯರ ಮುಂದೆಯೂ ಗಂಡಸು ತನ್ನ ದೇಹದ ವಿಷಯವನ್ನು ತೆರೆದು ಮಾತನಾಡುವುದಿಲ್ಲ.

ಇಂಥ ಮೌನವನ್ನು ಮುರಿಯಬಲ್ಲದ್ದು ಗದರಿಕೆಯಲ್ಲ, ಅರಿವು. ಆದರೆ ಆ ಅರಿವಾದರೂ ಎಲ್ಲರ ಕೈಗೆಟಕುವಂತೆ ಇದೆಯೇ? ಬಹು ವರ್ಷ ಒಂದು ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ ಸೇವೆ ಸಲ್ಲಿಸಿದ ನನ್ನನ್ನು ಈ ಪ್ರಶ್ನೆ ಬಿಟ್ಟೂಬಿಡದೆ ಕಾಡಿದೆ. ಪುರುಷರ ಆರೋಗ್ಯದ ಕುರಿತು ಲೋಕದಲ್ಲಿ ನಡೆದಿರುವ ಸಂಶೋಧನೆ ಅಪಾರ. ಅದರ ಫಲ ಯಾರಿಗೆ ಸೇರಬೇಕು, ಯಾರಿಗೆ ಸೇರುತ್ತಿದೆ ಎಂಬುದು ಗ್ರಂಥಪಾಲಕರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ, ಕುಟುಂಬಗಳಿಗೆ ಸಂಬಂಧಿಸಿದ್ದು.

ಒಂದು ಉದಾಹರಣೆಯನ್ನು ನೋಡೋಣ. 1951ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಎಂಬ ವಿಜ್ಞಾನಿಗಳು ತಮ್ಮ ದೇಶದ ವೈದ್ಯರಿಗೆಲ್ಲ ಒಂದು ಪ್ರಶ್ನಾವಳಿಯನ್ನು ಕಳುಹಿಸಿದರು. ನೀವು ಧೂಮಪಾನ ಮಾಡುತ್ತೀರಾ, ಎಷ್ಟು, ಎಂದಿನಿಂದ ಎಂಬಂಥ ಸರಳ ಪ್ರಶ್ನೆಗಳು. 34,439 ಪುರುಷ ವೈದ್ಯರು ಉತ್ತರಿಸಿದರು. ಮುಂದಿನ ಐವತ್ತು ವರ್ಷ ಆ ವೈದ್ಯರ ಬದುಕನ್ನೂ ಸಾವನ್ನೂ ತಾಳ್ಮೆಯಿಂದ ಗುರುತಿಸಿಡಲಾಯಿತು. 2004ರ ಜೂನ್ ತಿಂಗಳಲ್ಲಿ ಅರ್ಧ ಶತಮಾನದ ಫಲಿತಾಂಶ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದಾಗ ಡಾಲ್ ಅವರಿಗೆ 91 ವರ್ಷ. ಮರುವರ್ಷವೇ ಅವರು ತೀರಿಕೊಂಡರು.

ಆ ಲೇಖನ ಹೇಳಿದ್ದೇನು? ಜೀವನಪರ್ಯಂತ ಸಿಗರೇಟು ಸೇದಿದವರು, ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ಮರಣ ಹೊಂದುತ್ತಾರೆ. 60ನೇ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ, 50ರಲ್ಲಿ ಬಿಟ್ಟವರಿಗೆ 6 ವರ್ಷ, 40ರಲ್ಲಿ ಬಿಟ್ಟವರಿಗೆ 9 ವರ್ಷ ಮರಳಿ ದೊರೆಯುತ್ತವೆ. 30ರಲ್ಲಿ ಬಿಟ್ಟರೆ ಹತ್ತಿರಹತ್ತಿರ ಹತ್ತೂ ವರ್ಷ ಉಳಿಯುತ್ತವೆ. ಇನ್ನೇನು ಬಿಟ್ಟು ಪ್ರಯೋಜನ, ಕಾಲ ಮೀರಿತು ಎನ್ನುವ ಅರವತ್ತರ ಹಿರಿಯರಿಗೆ ಇದಕ್ಕಿಂತ ಸಾಂತ್ವನದ ಸುದ್ದಿ ಯಾವುದಿದೆ! ಈ ಲೇಖನವನ್ನು ಯಾರು ಬೇಕಾದರೂ ಹಣ ಕೊಡದೆ ಪೂರ್ತಿಯಾಗಿ ಓದಬಹುದು. ಆ ಪತ್ರಿಕೆ 1998ರಿಂದಲೇ ತನ್ನ ಸಂಶೋಧನಾ ಲೇಖನಗಳನ್ನು ಅಂತರ್ಜಾಲದಲ್ಲಿ ತೆರೆದಿಟ್ಟಿದೆ.

ಆದರೆ ಎಲ್ಲ ಪತ್ರಿಕೆಗಳೂ ಹಾಗಿಲ್ಲ. ಸಂಶೋಧನಾ ಪತ್ರಿಕೆಗಳ ವ್ಯವಹಾರವೇ ಬೇರೆ. ಲೇಖನ ಬರೆದ ವಿದ್ವಾಂಸರಿಗೆ ಸಂಭಾವನೆ ಇಲ್ಲ. ಅದು ಪ್ರಕಟಣೆಗೆ ಯೋಗ್ಯವೇ ಎಂದು ಪರಿಶೀಲಿಸುವ ಇತರ ವಿದ್ವಾಂಸರಿಗೂ ಸಾಮಾನ್ಯವಾಗಿ ಇಲ್ಲ. ಅನೇಕ ಅಧ್ಯಯನಗಳ ವೆಚ್ಚವನ್ನು ಭರಿಸುವುದು ಜನರ ತೆರಿಗೆಯ ಹಣ ಇಲ್ಲವೇ ದಾನಿಗಳ ದತ್ತಿ. ಇಷ್ಟಾದ ಮೇಲೆ ಲೇಖನದ ಹಕ್ಕುಸ್ವಾಮ್ಯ ಪ್ರಕಾಶಕರ ಪಾಲಾಗುತ್ತದೆ. ಬರೆದವರ ಕಾಲೇಜೇ ಅದನ್ನು ಓದಲು ಚಂದಾ ತೆರಬೇಕಾಗುತ್ತದೆ. ಪ್ರತಿ ವರ್ಷ ಡಾಲರ್ ಲೆಕ್ಕದಲ್ಲಿ ಬರುತ್ತಿದ್ದ ಚಂದಾ ಪಟ್ಟಿಯನ್ನು ಮುಂದಿಟ್ಟುಕೊಂಡು, ಯಾವ ಪತ್ರಿಕೆಯನ್ನು ಉಳಿಸಿಕೊಳ್ಳುವುದು, ಯಾವುದನ್ನು ಕೈಬಿಡುವುದು ಎಂದು ನಾವು ಲೆಕ್ಕ ಹಾಕುತ್ತಿದ್ದೆವು. ಕೈಬಿಟ್ಟ ಪತ್ರಿಕೆಯ ಜಾಗದಲ್ಲಿ ಕಪಾಟು ಖಾಲಿಯಾಗಿ ಕಾಣುತ್ತಿತ್ತು. ಅದರಿಂದ ಯಾವ ರೋಗಿಗೆ ಯಾವ ತಿಳಿವಳಿಕೆ ತಪ್ಪಿತೋ, ಅದು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ.

ನಿವೃತ್ತಿಯ ಬಳಿಕ ಒಂದು ಸಂಜೆ ನಮ್ಮ ಧರ್ಮಕೇಂದ್ರದ ಕೃಷಿಕರೊಬ್ಬರು ಮನೆಗೆ ಬಂದರು. ಅವರ ಅಣ್ಣನಿಗೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಆರಂಭದ ಹಂತದ ಕ್ಯಾನ್ಸರ್ ಎಂದು ಗೊತ್ತಾಗಿತ್ತು. "ಒಬ್ಬ ಡಾಕ್ಟರು ಬೇಗ ಆಪರೇಷನ್ ಮಾಡಿಸಿ ಎನ್ನುತ್ತಾರೆ, ಇನ್ನೊಬ್ಬರು ಅವಸರ ಬೇಡ, ಪರೀಕ್ಷೆ ಮಾಡಿಸುತ್ತ ಇರಿ ಎನ್ನುತ್ತಾರೆ. ಅಣ್ಣ ಯಾರ ಹತ್ತಿರವೂ ಬಾಯಿ ಬಿಡುತ್ತಿಲ್ಲ. ನೀವು ಪುಸ್ತಕಗಳ ನಡುವೆ ಇದ್ದವರು, ಸ್ವಲ್ಪ ನೋಡಿ ಹೇಳಬೇಕು ಸಾರ್" ಎಂದರು. ಕಂಪ್ಯೂಟರಿನಲ್ಲಿ ಹುಡುಕಿದೆ. ಬೇಕಾದ ವಿಷಯದ ಲೇಖನವೊಂದು ಕೂಡಲೇ ಸಿಕ್ಕಿತು. ಆದರೆ ಸಾರಾಂಶದ ಹತ್ತು ಸಾಲು ಮಾತ್ರ. ಉಳಿದದ್ದನ್ನು ಓದಬೇಕಾದರೆ ಮೂವತ್ತು ಡಾಲರಿಗಿಂತ ಹೆಚ್ಚು ತೆರಬೇಕೆಂದು ಪ್ರಕಾಶಕರ ಸೂಚನೆ. "ಇಷ್ಟೊಂದೇ? ಒಂದು ಸಲ ಓದುವುದಕ್ಕೆ?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಸಮಾಧಾನವಿರಲಿಲ್ಲ.

ನಾನು ಲೇಖಕರಿಗೇ ಒಂದು ಮಿಂಚಂಚೆ ಬರೆದೆ. ಮೂರನೆಯ ದಿನ ಅವರು ಪೂರ್ಣ ಲೇಖನವನ್ನು ಕಳುಹಿಸಿಕೊಟ್ಟರು. ರೋಗಿಗೆ ಶುಭವನ್ನೂ ಹಾರೈಸಿದ್ದರು. ಬರೆದವರಿಗೆ ತಮ್ಮ ಬರಹ ಓದುಗರನ್ನು ಮುಟ್ಟಬೇಕೆಂಬ ಆಸೆಯೇ ಇರುತ್ತದೆ. ಅದರ ಜೊತೆಗೆ, ಇದೇ ಪ್ರಶ್ನೆಯ ಮೇಲೆ ಬ್ರಿಟನ್ನಿನಲ್ಲಿ ಸಾರ್ವಜನಿಕ ಹಣದಿಂದ ನಡೆದ ಒಂದು ದೊಡ್ಡ ಅಧ್ಯಯನದ ವಿಸ್ತೃತ ವರದಿಯೂ ಸಿಕ್ಕಿತು. ಅದಕ್ಕೆ ಯಾವ ಬೀಗವೂ ಇರಲಿಲ್ಲ. ಆ ಅಧ್ಯಯನದಲ್ಲಿ 1,643 ಪುರುಷರು ತಮಗೆ ಶಸ್ತ್ರಚಿಕಿತ್ಸೆಯೋ, ವಿಕಿರಣವೋ ಅಥವಾ ಎಚ್ಚರದ ನಿಗಾವಣೆಯೋ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲು ಒಪ್ಪಿಕೊಂಡಿದ್ದರು. 2016ರಲ್ಲಿ ಹತ್ತು ವರ್ಷಗಳ ಫಲಿತಾಂಶ ಪ್ರಕಟವಾದಾಗ, ಮೂರೂ ಗುಂಪುಗಳಲ್ಲಿ ಆ ಕ್ಯಾನ್ಸರಿನಿಂದ ಮರಣ ಹೊಂದಿದವರು ನೂರಕ್ಕೆ ಒಬ್ಬರಷ್ಟು ಮಾತ್ರ ಎಂದು ತಿಳಿಯಿತು. ನಿಗಾವಣೆಯ ಗುಂಪಿನಲ್ಲಿ ಕೆಲವರಿಗೆ ರೋಗ ಹರಡಿದ್ದು ಹೆಚ್ಚು. ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಮೂತ್ರ ಹಿಡಿತ ತಪ್ಪುವಂಥ ತೊಂದರೆ ಹೆಚ್ಚು. ಅಂದರೆ ಅವಸರಪಡದೆ ಯೋಚಿಸಲು ಅವಕಾಶವಿತ್ತು.

ನಾವಿಬ್ಬರೂ ಕುಳಿತು ಅದರ ಮುಖ್ಯಾಂಶಗಳನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದುಕೊಂಡೆವು. ಚಿಕಿತ್ಸೆಯ ನಿರ್ಧಾರ ಅವರ ಅಣ್ಣನದು, ಅವರ ವೈದ್ಯರದು. ಅದರಲ್ಲಿ ನನ್ನ ಪಾತ್ರವಿಲ್ಲ. ಆದರೆ ಅದುವರೆಗೆ ಮಾತೇ ಆಡದಿದ್ದ ಆ ಹಿರಿಯರು ಮುಂದಿನ ಸಲ ವೈದ್ಯರ ಬಳಿಗೆ ಐದು ಪ್ರಶ್ನೆಗಳೊಂದಿಗೆ ಹೋದರೆಂದು ತಿಳಿದಾಗ ನನ್ನ ಮನಸ್ಸು ತುಂಬಿ ಬಂತು.

ಆ 1,643 ಮಂದಿಯ ಹೆಸರು ನಮಗೆ ಗೊತ್ತಿಲ್ಲ. ತಮ್ಮ ಅನಿಶ್ಚಿತತೆಯನ್ನೇ ಅವರು ಮುಂದೆ ಬರುವ ಅಪರಿಚಿತರಿಗೆ ಕಾಣಿಕೆಯಾಗಿ ಕೊಟ್ಟರು. ಪ್ರಭು ಯೇಸು ತಮ್ಮ ಹನ್ನೆರಡು ಮಂದಿ ಶಿಷ್ಯರನ್ನು ರೋಗಿಗಳನ್ನು ಗುಣಪಡಿಸಲು ಕಳುಹಿಸಿದಾಗ, ಉಚಿತವಾಗಿ ಪಡೆದದ್ದನ್ನು ಉಚಿತವಾಗಿಯೇ ಕೊಡಬೇಕೆಂದು ಆಜ್ಞಾಪಿಸಿದ್ದನ್ನು ಸಂತ ಮತ್ತಾಯರು ದಾಖಲಿಸಿದ್ದಾರೆ. ರೋಗಿಗಳ ದೇಹದಿಂದ ಉಚಿತವಾಗಿ ದೊರೆತ ಅರಿವನ್ನು ರೋಗಿಗಳಿಗೇ ಮಾರುವುದು ಆ ಆಜ್ಞೆಯ ಬೆಳಕಿನಲ್ಲಿ ಹೇಗೆ ಕಾಣುತ್ತದೆಂದು ನಾವು ಯೋಚಿಸಬೇಕು.

ಲೋಕದ ವಿದ್ವಾಂಸರೂ ಇದನ್ನು ಯೋಚಿಸಿದ್ದಾರೆ. 2002ರ ಫೆಬ್ರವರಿಯಲ್ಲಿ ಬುಡಾಪೆಸ್ಟ್ ನಗರದ ಹೆಸರಿನಲ್ಲಿ ಹೊರಟ ಘೋಷಣೆಯು, ವಿದ್ವತ್ ಲೇಖನಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡಬೇಕೆಂದು ಕರೆಯಿತ್ತು, ಎರಡು ದಾರಿಗಳನ್ನು ತೋರಿಸಿತು: ಲೇಖಕರು ತಮ್ಮ ಬರಹದ ಪ್ರತಿಯನ್ನು ಮುಕ್ತ ಭಂಡಾರದಲ್ಲಿ ಇಡುವುದು ಒಂದು, ಪತ್ರಿಕೆಗಳೇ ಮುಕ್ತವಾಗುವುದು ಇನ್ನೊಂದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದೇ ವರ್ಷ ಅಂಥ ಭಂಡಾರವನ್ನು ತೆರೆಯಿತು. 1913ರಲ್ಲಿ ಆರಂಭವಾದ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯನ್ನು ಇಂದು ಯಾರು ಬೇಕಾದರೂ ಓದಬಹುದು.

ತೆರೆದಿಟ್ಟ ಅರಿವು ಯಾವಾಗಲೂ ಕಿವಿಗೆ ಹಿತವಾಗಿರುವುದಿಲ್ಲ. ನಮ್ಮ ಕರಾವಳಿ ಮತ್ತು ಮಲೆನಾಡಿನ ಎಷ್ಟೋ ಕುಟುಂಬಗಳು ಮಕ್ಕಳನ್ನು ಓದಿಸಿದ್ದು ಅಡಿಕೆಯಿಂದ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ತನ್ನ 85ನೇ ಸಂಪುಟದಲ್ಲಿ, ಹೊಗೆಸೊಪ್ಪು ಬೆರೆಸದಿದ್ದರೂ ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ತೀರ್ಮಾನಿಸಿತು. ಬಾಯಿಯ ಕ್ಯಾನ್ಸರ್ ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಆಗಿರುವಾಗ ಇದು ಸಣ್ಣ ಮಾತಲ್ಲ. ಬೆಳೆಗಾರರಿಗೆ ಇದರಿಂದ ನೋವಾಗುವುದು ಸಹಜ. ಆದರೆ ಆ ಸಂಪುಟ ಎಲ್ಲರಿಗೂ ತೆರೆದಿದೆ. ಯಾವ ಆಧಾರದ ಮೇಲೆ ಹೀಗೆ ಹೇಳಿದ್ದಾರೆಂದು ಬೆಳೆಗಾರರು ಸ್ವತಃ ಪರಿಶೀಲಿಸಬಹುದು, ಪ್ರಶ್ನಿಸಬಹುದು. ಮುಚ್ಚಿದ ಕೋಣೆಯ ತೀರ್ಪಿಗೆ ಈ ಗುಣವಿರುವುದಿಲ್ಲ.

ಅದೇ ರೋಗದ ಬಗ್ಗೆ ಭರವಸೆಯ ಸುದ್ದಿಯೂ ಇದೆ. 1996ರಿಂದ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 35 ವರ್ಷ ದಾಟಿದ ಸುಮಾರು 1,90,000 ಜನರನ್ನು ಒಳಗೊಂಡ ಅಧ್ಯಯನವೊಂದು ನಡೆಯಿತು. ತರಬೇತಿ ಪಡೆದ ಕಾರ್ಯಕರ್ತರು ಅರ್ಧದಷ್ಟು ಜನರ ಮನೆಗಳಿಗೆ ಹೋಗಿ, ಬಾಯಿ ತೆರೆಸಿ, ಬೆಳಕಿನಲ್ಲಿ ಕಣ್ಣಾರೆ ನೋಡಿದರು. ಬಿಳಿ ಕಲೆ, ಕೆಂಪು ಕಲೆ, ಮಾಯದ ಹುಣ್ಣು ಕಂಡವರನ್ನು ವೈದ್ಯರ ಬಳಿಗೆ ಕಳುಹಿಸಿದರು. ತಂಬಾಕು ಅಥವಾ ಮದ್ಯದ ಅಭ್ಯಾಸವುಳ್ಳವರಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಮೂರನೇ ಒಂದರಷ್ಟು ತಗ್ಗಿತೆಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಯಿತು. ದುಬಾರಿ ಯಂತ್ರ ಬೇಕಾಗಲಿಲ್ಲ. ಬೇಕಾದದ್ದು ಬೆಳಕು, ತರಬೇತಾದ ಕಣ್ಣು, ಬಾಯಿ ತೆರೆಯಲು ಒಪ್ಪುವ ಮನಸ್ಸು. ನೆರೆಯ ರಾಜ್ಯದಲ್ಲಿ ದೊರೆತ ಈ ತಿಳಿವಳಿಕೆ ಲಂಡನ್ನಿನ ಪತ್ರಿಕೆಯನ್ನು ತಲುಪಿತು. ನಮ್ಮ ಹಳ್ಳಿಗಳ ಎಷ್ಟು ಮನೆಗಳನ್ನು ತಲುಪಿದೆ?

ಮುಕ್ತ ಪ್ರಕಟಣೆಯ ದಾರಿಯಲ್ಲಿ ಮುಳ್ಳುಗಳೂ ಇವೆ. ಓದುಗರಿಂದ ಪಡೆಯದ ಹಣವನ್ನು ಅನೇಕ ಪತ್ರಿಕೆಗಳು ಲೇಖಕರಿಂದ ಪಡೆಯುತ್ತವೆ. ಹೆಸರಾಂತ ನೇಚರ್ ಪತ್ರಿಕೆ 2020ರಲ್ಲಿ ಒಂದು ಲೇಖನಕ್ಕೆ ಘೋಷಿಸಿದ ಶುಲ್ಕ 9,500 ಯೂರೋ. ಸಣ್ಣ ಊರಿನ ಆಸ್ಪತ್ರೆಯ ವೈದ್ಯರು ಇಷ್ಟನ್ನು ಎಲ್ಲಿಂದ ತರಬೇಕು? ಓದುವ ಬಾಗಿಲು ತೆರೆದು ಬರೆಯುವ ಬಾಗಿಲು ಮುಚ್ಚಿದರೆ ಅನ್ಯಾಯ ಸ್ಥಳ ಬದಲಿಸಿತೇ ಹೊರತು ತೊಲಗಲಿಲ್ಲ. ಇನ್ನು ಹಣಕ್ಕಾಗಿ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳ ಕಾಟ. 2013ರಲ್ಲಿ ಜಾನ್ ಬೊಹ್ಯಾನನ್ ಎಂಬ ಪತ್ರಕರ್ತರು ತಪ್ಪುಗಳಿಂದಲೇ ತುಂಬಿದ ಹುಸಿ ಲೇಖನವೊಂದನ್ನು 304 ಮುಕ್ತ ಪತ್ರಿಕೆಗಳಿಗೆ ಕಳುಹಿಸಿ ಪರೀಕ್ಷಿಸಿದಾಗ 157 ಪತ್ರಿಕೆಗಳು ಅದನ್ನು ಸ್ವೀಕರಿಸಿದವು. ಅವುಗಳಲ್ಲಿ ನಮ್ಮ ದೇಶದವೂ ಇದ್ದವು. ಆದ್ದರಿಂದ ಉಚಿತವಾಗಿ ಸಿಕ್ಕಿದ್ದೆಲ್ಲ ಸತ್ಯವಲ್ಲ. ಪುರುಷತ್ವದ ಹೆಸರಿನಲ್ಲಿ ಔಷಧ ಮಾರುವವರು ಇಂಥ ಲೇಖನಗಳನ್ನು ತೋರಿಸಿದರೆ ಎರಡು ಸಲ ಯೋಚಿಸಬೇಕು.

ಭಾರತ ಸರಕಾರ 2024ರ ನವೆಂಬರಿನಲ್ಲಿ ಒಪ್ಪಿಗೆ ನೀಡಿದ, 3 ವರ್ಷಗಳಿಗೆ 6,000 ಕೋಟಿ ರೂಪಾಯಿಗಳ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಿಂದ ಸರಕಾರಿ ವಿದ್ಯಾಸಂಸ್ಥೆಗಳಿಗೆ ಸುಮಾರು 13,000 ಪತ್ರಿಕೆಗಳು ದೊರೆಯುವಂತಾಯಿತು. ಇದು ಸ್ವಾಗತಾರ್ಹ. ಆದರೆ ಅದು ಚಂದಾ ಕಟ್ಟಿ ತೆರೆಸಿದ ಬಾಗಿಲು. ಧರ್ಮಭಗಿನಿಯರು ಹಳ್ಳಿಯಲ್ಲಿ ನಡೆಸುವ ಚಿಕಿತ್ಸಾಲಯವಾಗಲಿ, ಮನೆಯಲ್ಲಿ ಕುಳಿತ ರೋಗಿಯಾಗಲಿ ಆ ಲೆಕ್ಕದಲ್ಲಿಲ್ಲ. ಇವರಿಗೆ ಆಸರೆ ಮುಕ್ತವಾಗಿ ಪ್ರಕಟವಾದ ಬರಹವೇ.

ಇಲ್ಲಿ ಧರ್ಮಸಭೆಗೂ ಒಂದು ಕರೆ ಇದೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು ಔಷಧ ಹಂಚಲು ಆರಂಭಿಸಿದಾಗ ಬಡವರಿಗೆ ಅದು ಎಟಕಬೇಕೆಂಬುದೇ ಅವರ ಗುರಿಯಾಗಿತ್ತು. ಇಂದು ನಮ್ಮ ಧರ್ಮಪ್ರಾಂತ್ಯಗಳ ಆಸ್ಪತ್ರೆಗಳಲ್ಲಿ, ಕಾಲೇಜುಗಳಲ್ಲಿ ದುಡಿಯುವ ವೈದ್ಯರು, ದಾದಿಯರು ಸಂಶೋಧನೆಯನ್ನೂ ಮಾಡುತ್ತಾರೆ. ಅದನ್ನು ತೆರೆದ ಪತ್ರಿಕೆಯಲ್ಲಿ, ತೆರೆದ ಭಂಡಾರದಲ್ಲಿ ಇಡುವುದೂ ಔಷಧ ಹಂಚಿದಷ್ಟೇ ಪುಣ್ಯದ ಕೆಲಸ. ಅದರ ಸಾರವನ್ನು ಕನ್ನಡದ ಒಂದು ಪುಟದಲ್ಲಿ ಬರೆದುಕೊಟ್ಟರಂತೂ ಸೇವೆ ಪೂರ್ಣವಾಗುತ್ತದೆ. ಇಂಗ್ಲಿಷೆಂಬುದು ನಮ್ಮ ಅನೇಕ ಹಿರಿಯರಿಗೆ ಇನ್ನೊಂದು ಬೀಗವೇ ಅಲ್ಲವೇ?

ಜೆರಿಕೋ ದಾರಿಯಲ್ಲಿ ಕುಳಿತಿದ್ದ ಕುರುಡ ಬಾರ್ತಿಮಾಯನನ್ನು ಜನ ಸುಮ್ಮನಿರೆಂದು ಗದರಿಸಿದರು. ಅವನು ಇನ್ನೂ ಗಟ್ಟಿಯಾಗಿ ಕೂಗಿದನು. ತನಗೇನು ಬೇಕೆಂದು ಪ್ರಭು ಕೇಳಿದಾಗ ನೇರವಾಗಿ ಹೇಳಿದನು. ಕೇಳುವ ಧೈರ್ಯವನ್ನು ನಮ್ಮ ಗಂಡಸರೂ ಕಲಿಯಬೇಕು. ಕೇಳಿದವರಿಗೆ ಉತ್ತರ ಸಿಗುವಂತೆ ಉಳಿದವರು ನೋಡಿಕೊಳ್ಳಬೇಕು. ಮುಂದಿನ ಭಾನುವಾರ ಬಲಿಪೂಜೆಯ ನಂತರ ನಿಮ್ಮ ಧರ್ಮಕೇಂದ್ರದಲ್ಲಿರುವ ವೈದ್ಯರನ್ನೋ ದಾದಿಯನ್ನೋ ಹಿಡಿದು, ಬಾಯಿಯ ಹುಣ್ಣಿನ ಬಗ್ಗೆ, ರಕ್ತದೊತ್ತಡದ ಬಗ್ಗೆ, ಪ್ರಾಸ್ಟೇಟ್ ಬಗ್ಗೆ ಒಂದೊಂದು ಹಾಳೆ ಕನ್ನಡದಲ್ಲಿ ಬರೆಸಿ. ಅದನ್ನು ದೇವಾಲಯದ ಸೂಚನಾಫಲಕದಲ್ಲಿ, ಗಂಡಸರು ನಿಂತು ಮಾತನಾಡುವ ಜಾಗದಲ್ಲೇ ಅಂಟಿಸಿ. ಯಾರೂ ನೋಡದಾಗ ಒಬ್ಬ ತಂದೆ ಅದನ್ನು ಓದಿ, ಆ ರಾತ್ರಿ ಮನೆಯಲ್ಲಿ ಬಾಯಿ ಬಿಟ್ಟು ಮಾತನಾಡಿದರೂ ಸಾಕು, ಆ ಹಾಳೆ ಸಾರ್ಥಕ.