ಎರಡನೆಯ ಸೈಕಲ್ಲು

“ಒಂದು ಸೈಕಲ್ ಇದ್ದಮ್ಯಾಲ ಎರಡನೇದು ಯಾಕ ಬೇಕ್ರೀ?” ಎಂದು ನಮ್ಮ ಮನೆಯಾಕೆಯು ಒಂದು ದಿನ ನನ್ನನ್ನು ಕೇಳಿದಳು. ಪ್ರಶ್ನೆಯು ಸಣ್ಣದು. ಆದರೆ ಅದಕ್ಕೆ ಸರಿಯಾದ ಉತ್ತರವನ್ನು ಕಂಡುಕೊಳ್ಳಲು ನನಗೆ ಆರು ತಿಂಗಳು ಹಿಡಿದವು; ಕೊನೆಗೆ ದೊರೆತ ಉತ್ತರವು ನಾನು ಮೊದಲೇ ಸಿದ್ಧಮಾಡಿಟ್ಟಿದ್ದ ಉತ್ತರವಾಗಿರಲಿಲ್ಲ. ವಾಚಕರ ಮನೆಗಳಲ್ಲಿಯೂ ಇಂಥ ಪ್ರಸಂಗವು ಒದಗಬಹುದಾದ್ದರಿಂದ ನಡೆದುದನ್ನು ನಡೆದಂತೆ ಬರೆಯುತ್ತೇನೆ.

ನಮ್ಮ ಊರು ರಾಮದುರ್ಗ ತಾಲೂಕಿನ ಸುರೇಬಾನ. ಹೊರಗಿನವರು ಇದನ್ನು ಅರಿತಿರುವದು ಶಬರಿಕೊಳ್ಳದ ದೆಸೆಯಿಂದ. ಶಬರಿಯು ಶ್ರೀರಾಮನಿಗೆ ಬೋರೆಹಣ್ಣು ಕೊಟ್ಟ ಸ್ಥಳವಿದೆಂದು ಜನರ ನಂಬುಗೆ. ಬಯಲೆಲ್ಲ ಎರೆಭೂಮಿ, ಗುಡ್ಡವೇರಿದರೆ ಮರಳುಗಲ್ಲು. ಅರ್ಧ ಹರದಾರಿ ನಡೆಯುವಷ್ಟರಲ್ಲಿ ಜಿಗಟು ಕೆಸರು, ಸಡಿಲಾದ ಹರಳು, ಮೆಟ್ಟಿಲಿನಂಥ ಬಂಡೆ ಇವೆಲ್ಲವೂ ಕಾಲಿಗೆ ಸಿಗುತ್ತವೆ.

ಐದು ವರುಷಗಳ ಹಿಂದೆ ವೈದ್ಯರು ನನ್ನ ರಕ್ತದಲ್ಲಿ ಸಕ್ಕರೆಯು ಹೆಚ್ಚಾಗಿದೆಯೆಂದೂ ದೇಹಕ್ಕೆ ದುಡಿಮೆ ಬೇಕೆಂದೂ ಹೇಳಿದರು. ಅದೇ ಕಾಲಕ್ಕೆ ಬೆಂಗಳೂರಿನಲ್ಲಿದ್ದ ನನ್ನ ತಮ್ಮನು ಪರದೇಶಕ್ಕೆ ಹೊರಡುವಾಗ ತನ್ನ ಗುಡ್ಡದ ಸೈಕಲ್ಲನ್ನು ನನಗೆ ಕಳುಹಿಸಿದನು. ಅದು ಫುಲ್ ಸಸ್ಪೆನ್ಶನ್ ಎಂಬ ಜಾತಿಯದು. ಮುಂದಿನ ಫೋರ್ಕಿಗಲ್ಲದೆ ಹಿಂದಿನ ಗಾಲಿಗೂ ಗಾಳಿ ತುಂಬಿದ ಶಾಕ್ ಉಂಟು. ಹಿಂದಿನ ಚೌಕಟ್ಟು ಕೀಲುಗಳ ಮೇಲೆ ಆಡುತ್ತದೆ. ಸವಾರನು ಕುಳಿತ ಕೂಡಲೆ ಶಾಕು ತನ್ನ ಒಟ್ಟು ಆಟದಲ್ಲಿ ನೂರಕ್ಕೆ 25ರಿಂದ 30ರಷ್ಟು ಕುಗ್ಗಿ ನಿಲ್ಲುವಂತೆ, ಅವನ ತೂಕವನ್ನು ನೋಡಿ ಗಾಳಿಯನ್ನು ತುಂಬಬೇಕು. ಹಾಗೆ ಕುಗ್ಗಿ ನಿಂತಿರುವದರಿಂದಲೇ ಗಾಲಿಯು ಕಲ್ಲು ಬಂದಾಗ ಮೇಲೇಳುವಂತೆ ತಗ್ಗು ಬಂದಾಗ ಕೆಳಗಿಳಿದು ನೆಲವನ್ನು ಬಿಡದೆ ಹಿಡಿಯುತ್ತದೆ. ಕೊಳ್ಳದ ಕಡೆಯ ಕಲ್ಲುದಾರಿಯನ್ನು ನಾನು ಮೊದಲ ಸಲ ಅದರ ಮೇಲೆ ಇಳಿದಾಗ ನನ್ನ ನಡುವಯಸ್ಸಿನ ಸೊಂಟವು ಯಾವ ದೂರನ್ನೂ ಹೇಳಲಿಲ್ಲ. ಸಕ್ಕರೆ ಇಳಿಯಿತು, ಸೈಕಲ್ಲಿನ ಹುಚ್ಚು ಏರಿತು.

ಆದರೆ ಇಷ್ಟು ಸುಖಕ್ಕೆ ಬೆಲೆಯೂ ಉಂಟು. ಸೈಕಲ್ಲಿನ ತೂಕ 15 ಕಿಲೋ. ಡಾಂಬರು ರಸ್ತೆಯಲ್ಲಿ ತುಳಿದ ಶಕ್ತಿಯ ಒಂದು ಪಾಲು ಶಾಕನ್ನು ಕುಣಿಸುವದರಲ್ಲಿಯೇ ಕಳೆಯುತ್ತದೆ. 50 ತಾಸುಗಳ ಸವಾರಿಗೊಮ್ಮೆ ಫೋರ್ಕಿನ ಕಾಲುಗಳನ್ನು ಬಿಚ್ಚಿ ಎಣ್ಣೆ ಬದಲಿಸಬೇಕು. ಕೀಲುಗಳ ಬೇರಿಂಗುಗಳಿಗೆ ನಮ್ಮ ಎರೆಮಣ್ಣು ದೊಡ್ಡ ಶತ್ರು. ಟಾಯರಿಗೆ 25 ಪೌಂಡು ಗಾಳಿ ಸಾಕಾದರೆ ಶಾಕಿಗೆ 150-200 ಬೇಕು. ಅದರ ಪಂಪೇ ಬೇರೆ. ಹೋದ ಮಳೆಗಾಲದಲ್ಲಿ ಶಾಕಿನ ಸೀಲು ಹರಿದು ಗಾಳಿ ಸೋರಿತು. ದೂರದ ಶಹರದ ಒಂದು ಅಂಗಡಿಗೆ ಕಳುಹಿಸಿದೆನು. ಎಂಟು ದಿವಸದಲ್ಲಿ ಆಗುವದೆಂದವರು ಏಳು ವಾರ ಮಾಡಿದರು. ಅಷ್ಟು ದಿನವೂ ಸೈಕಲ್ಲು ಪಡಸಾಲೆಯ ಗೋಡೆಗೆ ಒರಗಿ ನಿಂತಿತ್ತು. ಅದನ್ನು ನೋಡಿ ನೋಡಿ ಎರಡನೆಯದೊಂದು ಬೇಕೆಂದು ನಾನು ನಿಶ್ಚಯಿಸಿದೆನು. ಕೂಡಿಸಿಟ್ಟ 35 ಸಾವಿರ ರೂಪಾಯಿಗಳು ನನ್ನ ಹತ್ತಿರ ಇದ್ದವು.

ಮೊದಲು ನನ್ನ ಮನಸ್ಸು ಹರಿದದ್ದು ಅದೇ ಜಾತಿಯ ಹಗುರವಾದ ಇನ್ನೊಂದರ ಕಡೆಗೆ. ಯಾರಾದರೂ ಬಳಸಿ ಮಾರಿದ್ದು ಸಿಕ್ಕೀತೆಂದು ಹುಡುಕತೊಡಗಿದೆನು. ಬಳಿಕ, ಬಾಗಿದ ಹ್ಯಾಂಡಲಿನ, ರಸ್ತೆಯ ಮೇಲೆ ಬಾಣದಂತೆ ಹೋಗುವ ಸೈಕಲ್ಲೊಂದು ಕಣ್ಣಿಗೆ ಬಿದ್ದಿತು. ಹಿಂದೆ ಶಾಕ್ ಇಲ್ಲದ, ಮುಂದಷ್ಟೇ ಉಳ್ಳ ಹಾರ್ಡ್‌ಟೇಲ್ ಸೈಕಲ್ಲನ್ನು ಮಾತ್ರ, ಮೇಲಿನ ಇಯತ್ತೆಯವನು ಕೆಳಗಿನ ಇಯತ್ತೆಗೆ ಮರಳಿದಂತಾದೀತೆಂದು ನಾನು ಎಣಿಸಲೇ ಇಲ್ಲ.

ಒಂದು ರಾತ್ರಿ ಊಟದ ಹೊತ್ತಿಗೆ ಈ ವಿಚಾರವನ್ನೆಲ್ಲ ಬಿಚ್ಚಿ ಹೇಳಿದೆನು. ನನ್ನ ತಾಯಿಯವರು ರೊಟ್ಟಿ ಮುರಿಯುತ್ತ ಕೇಳಿದರು: “ಮನ್ಯಾಗ ರಂಟಿ ಇದ್ದಾವ ಇನ್ನೊಂದು ರಂಟಿ ತರತಾನೋ, ಕುಂಟಿ ಕೂರಿಗಿ ತರತಾನೋ?” ನಾನು ಸುಮ್ಮನಾದೆನು. ಉಳುವದಕ್ಕೆ ಒಂದಿದ್ದರೆ ಹರಗುವದಕ್ಕೂ ಬಿತ್ತುವದಕ್ಕೂ ಬೇರೊಂದು ಬೇಕು. ಮೊದಲನೆಯದು ಯಾವ ಕೆಲಸವನ್ನು ಮಾಡಲಾರದೋ ಅದನ್ನು ಮಾಡುವದಕ್ಕಾಗಿಯೇ ಎರಡನೆಯದು. ಎರಡು ಶಾಕುಗಳ ಸೈಕಲ್ಲಿಗೆ ಅಂಥದೇ ಇನ್ನೊಂದನ್ನು ಜೋಡಿಸಿದರೆ ಸುಖವು ಇಮ್ಮಡಿಯಾಗಲಾರದು. ರಿಪೇರಿಯು ಮಾತ್ರ ಇಮ್ಮಡಿಯಾಗುವದು.

ಅಂದಿನಿಂದ ಹಾರ್ಡ್‌ಟೇಲಿನ ಬಗೆಗೆ ಓದತೊಡಗಿದೆನು. ಅದು ಕೆಳಗಿನ ಇಯತ್ತೆಯದಲ್ಲ, ಹಿರಿಯಣ್ಣನೆಂದು ತಿಳಿಯಿತು. ಅಮೇರಿಕೆಯ ಕ್ಯಾಲಿಫೋರ್ನಿಯಾದ ಮರಿನ್ ಎಂಬ ಗುಡ್ಡಗಾಡಿನಲ್ಲಿ 1970ರ ದಶಕದ ಹುಡುಗರು ದಪ್ಪ ಟಾಯರಿನ ಹಳೆಯ ಸೈಕಲ್ಲುಗಳ ಮೇಲೆ ಗುಡ್ಡ ಇಳಿಯುತ್ತಿದ್ದರು. ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನೊಳಗಿನ ಬ್ರೇಕು ಕಾಯ್ದು ಗ್ರೀಸೆಲ್ಲ ಸುಟ್ಟುಹೋಗಿ ಮತ್ತೆ ತುಂಬಬೇಕಾಗುತ್ತಿದ್ದಿತು. ಅದರಿಂದಲೇ 1976ರಲ್ಲಿ ಮೊದಲಾದ ಅವರ ಪಂದ್ಯಕ್ಕೆ ‘ರಿಪ್ಯಾಕ್’ ಎಂದು ಹೆಸರಾಯಿತು. ಮರುವರುಷ ಜೋ ಬ್ರೀಜ್ ಎಂಬವನು ಗುಡ್ಡಕ್ಕೆಂದೇ ಚೌಕಟ್ಟು ಕಟ್ಟಿದನು. ಅವುಗಳಿಗೆ ಹಿಂದೆಯೂ ಶಾಕಿಲ್ಲ, ಮುಂದೆಯೂ ಇಲ್ಲ. 2022ರಲ್ಲಿ ಗದುಗಿನ ಬಳಿಯ ಬಿಂಕದಕಟ್ಟಿಯಲ್ಲಿ ಗುಡ್ಡದ ಸೈಕಲ್ಲುಗಳ ರಾಷ್ಟ್ರೀಯ ಸ್ಪರ್ಧೆ ನಡೆದಾಗ ನಾನು ನೋಡಲು ಹೋಗಿದ್ದೆನು; ಅಲ್ಲಿಯೂ ಹಾರ್ಡ್‌ಟೇಲಿನ ಸವಾರರು ಇದ್ದರೆಂಬುದು ಆಗ ನೆನಪಾಯಿತು.

ಜಾತಿಯು ಗೊತ್ತಾಯಿತು, ಇನ್ನು ಅಳತೆಯ ವಿಚಾರ. ನನ್ನ ಎತ್ತರ 5 ಅಡಿ 8 ಇಂಚು. ಅದಕ್ಕೆ 18 ಇಂಚಿನ ಚೌಕಟ್ಟು ಸರಿಯೆಂದು ಕಾಗದದ ಮೇಲೆ ಬರೆದಿಟ್ಟೆನು. ಆ ಕಾಗದವನ್ನು ನೋಡಿ ಮನೆಯಾಕೆಯು ಮೆಲ್ಲನೆ ಅಂದಳು: “ನೀವು ಗುಡ್ಡಕ್ಕ ಸೈಕಲ್ ಮ್ಯಾಲ ಹೋಗ್ತೀರಿ. ಹುಡುಗಿ ಸಾಲಿಗೆ ನಡಕೊಂಡು ಹೋಗ್ತದ.”

ಈ ಮಾತನ್ನು ಬರೆಯುವಾಗ ಈಗಲೂ ನನಗೆ ನಾಚಿಕೆಯೆನಿಸುತ್ತದೆ. ನಮ್ಮ ಮನೆಯು ಹೊಲದಲ್ಲಿದೆ. ಶಾಲೆಗೆ 3 ಕಿಲೋಮೀಟರು. ನಾನು ನೌಕರಿಯ ಸಲುವಾಗಿ ಮುಂಜಾನೆಯೇ ಬಸ್ಸು ಹಿಡಿಯುವವನು. ಒಂಬತ್ತನೆಯ ಇಯತ್ತೆಯ ಮಗಳು ಹೋಗುವಾಗಲೂ ಬರುವಾಗಲೂ ನಡೆಯುತ್ತಿದ್ದಳು. ರಜೆಯ ಶನಿವಾರ ನಾನು ಗುಡ್ಡದಿಂದ ಮರಳುವಾಗ ಆಕೆಯು ಪುಸ್ತಕದ ಚೀಲ ಹೊತ್ತು ದಾರಿಯಲ್ಲಿ ಸಿಗುತ್ತಿದ್ದಳು. ನಾನು ಗಂಟೆ ಬಾರಿಸಿ ಮುಂದೆ ಬರುತ್ತಿದ್ದೆನು. ನನ್ನ ಸೈಕಲ್ಲು ಆಕೆಗೆ ದೊಡ್ಡದು, ಅದಕ್ಕೆ ಚೀಲವಿಡುವ ಕ್ಯಾರಿಯರು ಕೂಡುವದಿಲ್ಲ ಎಂಬ ಸಮಾಧಾನಗಳು ನನ್ನಲ್ಲಿ ಸಿದ್ಧವಾಗಿಯೇ ಇದ್ದವು. ಅಣ್ಣನ ಮಗಳ ಹಳೆಯ ಸೈಕಲ್ಲನ್ನು ಒಮ್ಮೆ ಕೊಟ್ಟು ನೋಡಿದ್ದೆವು. ಮಳೆಯ ದಿನ ಎರೆಮಣ್ಣು ಮಡ್‌ಗಾರ್ಡಿನೊಳಗೆ ಕಟ್ಟಿ ಗಾಲಿಗಳು ತಿರುಗದೆ, ಹುಡುಗಿಯು ಸೈಕಲ್ಲನ್ನೇ ಹೊತ್ತು ತಂದಿದ್ದಳು. ಆಮೇಲೆ ನಾನು ಆ ಮಾತನ್ನೇ ಮರೆತಿದ್ದೆನು.

18 ಇಂಚನ್ನು ಹೊಡೆದುಹಾಕಿದೆನು. ಇಬ್ಬರಿಗೂ ಆಗಲೆಂದು ನಡುವಿನ ಅಳತೆ ಹಿಡಿಯುವ ಆಸೆ ಬಂದಿತ್ತು. ಆದರೆ ಸೀಟನ್ನು ಏರಿಸಿ ಇಳಿಸಬಹುದಲ್ಲದೆ ಚೌಕಟ್ಟನ್ನು ಎಳೆದು ಕುಗ್ಗಿಸಲಾಗದು. ಅಂಥದು ಇಬ್ಬರಿಗೂ ಸರಿಯಾಗದೆ ಉಳಿಯುವದು. 5 ಅಡಿ 2 ಇಂಚಿನ ಮಗಳನ್ನೇ ಅಂಗಡಿಗೆ ಕರೆದೊಯ್ದು ನಿಲ್ಲಿಸಿ, ಆಕೆಗೊಪ್ಪುವ ಸಣ್ಣ ಚೌಕಟ್ಟಿನ ಹಾರ್ಡ್‌ಟೇಲನ್ನು ಕೊಂಡೆವು. ಮುಂದಿನ ಶಾಕಿನ ಆಟ 100 ಮಿಲಿಮೀಟರು. ಟಾಯರಿಗೂ ಚೌಕಟ್ಟಿಗೂ ನಡುವೆ ಬೆರಳು ಆಡುವಷ್ಟು ತೆರವಿದೆಯೇ ಎಂದು ನೋಡಿದೆವು. ಎರೆಯ ದಾರಿಗೆ ಇದೇ ಮುಖ್ಯ. ಬ್ರೇಕು ತಂತಿಯದು; ಎಣ್ಣೆಯದು ಚುರುಕಾದರೂ ತಂತಿ ಹರಿದರೆ ಊರ ಅಂಗಡಿಯಲ್ಲಿಯೇ ಬದಲಿಸಬಹುದು. ಕ್ಯಾರಿಯರು ಕೂಡುವ ತೂತುಗಳಿವೆ. ಗಾಲಿ 27.5 ಇಂಚಿನವು, ಆ ಟ್ಯೂಬು ನಮ್ಮಲ್ಲಿ ಸಿಗದಿದ್ದರೂ ಕಷ್ಟಕಾಲಕ್ಕೆ 26ರ ಟ್ಯೂಬು ಹಿಗ್ಗಿ ಕೂಡುತ್ತದೆ.

ಮಗಳು ಈಗ ಶಾಲೆಗೆ ಅದರ ಮೇಲೆಯೇ ಹೋಗುತ್ತಾಳೆ. ಒಂದು ರವಿವಾರ ನನ್ನೊಡನೆ ಗುಡ್ಡಕ್ಕೂ ಬಂದಳು. ಇಳಿಯುವಾಗ ಒಂದು ಬಂಡೆಯ ಮೆಟ್ಟಿಲಿನ ಮುಂದೆ ನಿಂತು ಕೇಳಿದಳು: “ಅಪ್ಪಾ, ಇದನ್ನ ಎಡಕ್ಕ ಹಿಡಿದು ಇಳೀಬೇಕೋ ಬಲಕ್ಕೋ?”

ನನಗೆ ಹೇಳಲಾಗಲಿಲ್ಲ. ಐದು ವರುಷ ಅದೇ ದಾರಿಯಲ್ಲಿ ಇಳಿದವನು ನಾನು. ಆದರೆ ಆ ಕಲ್ಲುಗಳನ್ನೆಲ್ಲ ನನ್ನ ಸೈಕಲ್ಲು ನುಂಗಿಕೊಂಡಿತ್ತು. ನಾನು ಅವನ್ನು ನೋಡಿಯೇ ಇರಲಿಲ್ಲ. ಆಕೆಯು ಇಳಿದು, ಸೈಕಲ್ಲನ್ನು ಮಲಗಿಸಿ, ಕಲ್ಲನ್ನು ಕಾಲಿನಿಂದ ತಟ್ಟಿ ನೋಡಿ, ಬಲಕ್ಕೆಂದು ನಿರ್ಧರಿಸಿದಳು. ಬಲಕ್ಕೇ ಇಳಿದಳು. ಹಿಂದಿನಿಂದ ನಾನೂ ಬಲಕ್ಕೇ ಇಳಿದೆನು.

ನನ್ನ ಶಾಕಿನ ಗಾಳಿಯು ಮತ್ತೆ ಸೋರತೊಡಗಿದೆ. ಈ ಸಲ ಏಳು ವಾರ ಹಿಡಿದರೆ ನಾನು ಗುಡ್ಡಕ್ಕೆ ನಡೆದೇ ಹೋಗಬೇಕು. ಮಗಳ ಸೈಕಲ್ಲಿನ ಮೇಲೆ ನನ್ನ ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತದೆ. ವಾಚಕರಲ್ಲಿ ಯಾರಾದರೂ ಎರಡನೆಯ ಸೈಕಲ್ಲನ್ನು ಕೊಳ್ಳುವವರಿದ್ದರೆ ಮೊದಲನೆಯದರಿಂದ ಆಗದ ಕೆಲಸವು ಯಾವುದೆಂದು ವಿಚಾರಿಸಿರಿ. ಅದಕ್ಕೂ ಮೊದಲು, ಮನೆಯಲ್ಲಿ ಇನ್ನೂ ನಡೆದು ಹೋಗುತ್ತಿರುವವರು ಯಾರೆಂದು ನೋಡಿರಿ.