ಅಂದಾಜು ಮತ್ತು ಅಪಾಯ

ಶಸ್ತ್ರಚಿಕಿತ್ಸೆಯ ಅಪಾಯವನ್ನು ಅಳೆಯುವಾಗ ವೈದ್ಯರಾದ ನಾವು ಶಸ್ತ್ರಕ್ರಿಯೆಯನ್ನಷ್ಟೇ ನೋಡುವುದಿಲ್ಲ. ರೋಗಿಯ ಹೃದಯ, ಮೂತ್ರಪಿಂಡ, ಮಧುಮೇಹಗಳನ್ನೂ ಪರಿಶೀಲಿಸುತ್ತೇವೆ. ಅಮೆರಿಕದ ‘ಸೆಂಟಿನೆಲ್’ ಖಂಡಾಂತರ ಕ್ಷಿಪಣಿ ಯೋಜನೆಗೂ ಈ ಮಾತು ಸಲ್ಲುತ್ತದೆ. 2024ರ ಜುಲೈನಲ್ಲಿ ಅದರ ಪರಿಷ್ಕೃತ ಅಂದಾಜು 140.9 ಬಿಲಿಯನ್ ಡಾಲರಿಗೆ ಏರಿತು. 2020ರ ಅಂದಾಜಿಗಿಂತ ಶೇ. 81ರಷ್ಟು ಹೆಚ್ಚು. ಏರಿಕೆಯ ಬಹುಭಾಗಕ್ಕೆ ಕಾರಣ ಹೊಸ ಕ್ಷಿಪಣಿಯಲ್ಲ. ಮಿನಿಟ್‌ಮನ್ ಕ್ಷಿಪಣಿಗಳಿಗೆಂದು 1960ರ ದಶಕದಲ್ಲಿ ಕಟ್ಟಿದ ನೆಲದಡಿಯ ಉಡಾವಣಾ ಕೂಪಗಳನ್ನೂ ನಿಯಂತ್ರಣ ಕೇಂದ್ರಗಳನ್ನೂ ಹೊಸದಕ್ಕೆ ಅಣಿಗೊಳಿಸುವ ಕೆಲಸ.

ನನ್–ಮೆಕರ್ಡಿ ಕಾನೂನಿನಂತೆ, ಘಟಕವೆಚ್ಚವು ಚಾಲ್ತಿ ಅಂದಾಜನ್ನು ಶೇ. 25ರಷ್ಟು ಅಥವಾ ಮೂಲ ಅಂದಾಜನ್ನು ಶೇ. 50ರಷ್ಟು ಮೀರಿದರೆ ಯೋಜನೆಯನ್ನು ಕೈಬಿಡಬೇಕು. ಇಲ್ಲವೇ ಅದು ರಾಷ್ಟ್ರಭದ್ರತೆಗೆ ಅನಿವಾರ್ಯವೆಂದು ರಕ್ಷಣಾ ಇಲಾಖೆ ಪ್ರಮಾಣೀಕರಿಸಬೇಕು. ಸೆಂಟಿನೆಲ್ ಹೀಗೆಯೇ ಉಳಿಯಿತು. ಈ ಕಾನೂನು ಜ್ವರಮಾಪಕವಿದ್ದಂತೆ: ಜ್ವರವನ್ನು ತೋರಿಸುತ್ತದೆ, ತಡೆಯುವುದಿಲ್ಲ.

ರೋಗಿಯ ಮನೆಯವರಿಗೆ ನಾವು ಒಂದೇ ಖಚಿತ ಮಾತು ಕೊಡಲಾರೆವು. ಒಳಿತಾಗುವ ಸಂಭವವೆಷ್ಟು, ಕೆಡುಕಾದರೆ ಎಷ್ಟರವರೆಗೆ ಎಂದು ತಿಳಿಸುತ್ತೇವೆ. ಅವರ ಒಪ್ಪಿಗೆಗೆ ಬೆಲೆ ಬರುವುದು ಆಗಲೇ. ಈ ದೇಶದಲ್ಲಿ ತೆರಿಗೆ ಕಟ್ಟುವ ನಾವೂ ಒಂಟಿ ಅಂಕಿಗೆ ತೃಪ್ತರಾಗಬಾರದು. ಆ ಮೊತ್ತದೊಳಗೆ ಕೆಲಸ ಮುಗಿಯುವ ಸಂಭವವೆಷ್ಟು, ಹಳೆಯ ಕಟ್ಟಡಗಳನ್ನು ಯಾರು ಪರೀಕ್ಷಿಸಿದ್ದಾರೆ ಎಂದು ಮೊದಲೇ ಕೇಳಬೇಕು. ಅರ್ಧ ದಾರಿ ಸಾಗಿದ ಮೇಲೆ ಬೇಡವೆನ್ನುವುದು ಯಾರಿಗೂ ಸುಲಭವಲ್ಲ.