ಖಿದ್ರಾಪುರದಲ್ಲಿ ನಾನು ಅನಕ್ಷರಸ್ಥನಾದದ್ದು

“ನಮ್ಮ ಜಿಲ್ಲೆ ನೋಡೋಕೆ ಬಾ” ಎಂದು ನನ್ನ ರೂಂಮೇಟ್ ಮೂರು ವರ್ಷದಿಂದ ಕರೆಯುತ್ತಲೇ ಇದ್ದ. ಅವನ ಹಳ್ಳಿ ಇರುವುದು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಕೃಷ್ಣಾ ದಂಡೆಯ ಮೇಲೆ. ಕಳೆದ ದೀಪಾವಳಿ ರಜೆಯಲ್ಲಿ ಅಂತೂ ಮುಂಬಯಿಯಿಂದ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತಿದೆವು.

ಮೊದಲ ದಿನ ಪನ್ಹಾಳಗಡ. ಶಿಲಾಹಾರರ ಕಾಲದ ಕೋಟೆ. 1660ರಲ್ಲಿ ಸಿದ್ದಿ ಜೌಹರನ ಮುತ್ತಿಗೆಯಿಂದ ಶಿವಾಜಿ ಮಹಾರಾಜರು ಮಳೆಗಾಲದ ರಾತ್ರಿಯಲ್ಲಿ ಪಾರಾಗಿ ಹೋದದ್ದು ಇಲ್ಲಿಂದಲೇ. ಅಂಬರಖಾನೆಯ ಕಣಜಗಳನ್ನು ನೋಡಿದರೆ, ಒಂದು ಸೈನ್ಯ ಎಷ್ಟು ಉಣ್ಣುತ್ತಿತ್ತಪ್ಪಾ ಎನಿಸುತ್ತದೆ! ಎರಡನೆಯ ದಿನ ನರಸೋಬವಾಡಿ. ಕೃಷ್ಣಾ-ಪಂಚಗಂಗಾ ಸಂಗಮ, ದತ್ತಪಾದುಕೆ. ಮಳೆಗಾಲದಲ್ಲಿ ಹೊಳೆ ಗುಡಿಯೊಳಕ್ಕೇ ಬರುತ್ತದಂತೆ. ದರ್ಶನ ಮುಗಿಸಿ ಬಾಸುಂದಿ ತಿಂದು ಸಂಜೆಗೆ ಅವನ ಮನೆ ಸೇರಿದೆವು. ಗೋಡೆಯ ಮೇಲೆ, ನನ್ನ ಎದೆಮಟ್ಟಕ್ಕೆ, 2019ರ ಮಹಾಪೂರದ ಗುರುತು ಇನ್ನೂ ಇತ್ತು.

ಬಾಗಿಲಲ್ಲಿ ಅವನ ಅಜ್ಜಿ ನಿಂತಿದ್ದರು. “ಬಾರಪಾ ತಮ್ಮಾ, ಕಾಲ ತೊಳಕೊ” ಅಂದರು. ಕನ್ನಡ! ನಾನು ಬೆಪ್ಪಾಗಿ ರೂಂಮೇಟ್ ಕಡೆ ನೋಡಿದೆ. ಅವನು ನಕ್ಕು, “ಮನ್ಯಾಗ ನಾವು ಇದನ್ನ ಮಾತಾಡ್ತೀವಿ. ಓದಾಕ ಬರಿಯಾಕ ಬರಾಂಗಿಲ್ಲ, ನಮ್ಮದು ಮರಾಠಿ ಸಾಲಿ” ಅಂದ. ಮೂರು ವರ್ಷ ಒಂದೇ ಕೋಣೆಯಲ್ಲಿದ್ದೂ ಅವನ ಜೊತೆ ಹಿಂದಿ-ಮರಾಠಿಯಲ್ಲೇ ಕಳೆದಿದ್ದೆ. ಕನ್ನಡ ಸಂಘದ ಕಾರ್ಯದರ್ಶಿ ನಾನು! ನಮ್ಮ ಕೋಣೆಯ ಬಾಗಿಲಿಗೇ ಸಂಘದ ನೋಟೀಸು ಅಂಟಿಸಿದ್ದೆ. ಅವನಿಗೆ ಅದು ಬರೀ ಸುರುಳಿ ಸುರುಳಿ ಗೆರೆ.

ಮೂರನೆಯ ದಿನ ಅಜ್ಜಿಯೂ ಹೊರಟರು. ಟಮ್‌ಟಮ್‌ನಲ್ಲಿ ಖಿದ್ರಾಪುರಕ್ಕೆ, ಕೋಪೇಶ್ವರನ ಗುಡಿಗೆ. ಶಿಲಾಹಾರರು 12ನೇ ಶತಮಾನದಲ್ಲಿ ಕಟ್ಟಿಸಿದ್ದು. ಮುಂದುಗಡೆಯ ಸ್ವರ್ಗಮಂಟಪಕ್ಕೆ 48 ಕಂಬ. ಮಧ್ಯದಲ್ಲಿ ಮಾತ್ರ ಛಾವಣಿಯಿಲ್ಲ, ಗುಂಡಗೆ ಆಕಾಶ. ಕೆಳಗೆ ಅಷ್ಟೇ ಗುಂಡಗಿನ ಒಂದು ಕಲ್ಲು. ಅದರ ಮೇಲೆ ನಿಂತು ಕತ್ತೆತ್ತಿದೆ, ಮಾತೇ ಹೊರಡಲಿಲ್ಲ. ಹೊರಗೋಡೆಯ ಬುಡದ ಸುತ್ತ ಕಲ್ಲಾನೆಗಳು ಇಡೀ ಗುಡಿಯನ್ನು ಬೆನ್ನ ಮೇಲೆ ಹೊತ್ತು ನಿಂತಿವೆ.

“ಬಸವಣ್ಣ ಎಲ್ಲಿ?” ಎಂದು ಕೇಳಿದೆ. ಶಿವನ ಗುಡಿಯಾದರೂ ನಂದಿಯೇ ಕಾಣಲಿಲ್ಲ. ಅಜ್ಜಿ ಹೊಳೆಯ ಕಡೆ ಕೈ ಮಾಡಿದರು. “ಅಂವ ಯಡೂರಾಗ ಅದಾನು. ದಕ್ಷನ ಯಜ್ಞಕ್ಕ ಸತಿನ ಕರಕೊಂಡ ಹ್ವಾದಾಂವ, ತಿರುಗಿ ಬರಲಿಲ್ಲ. ಇಲ್ಲಿ ಈ ಯಪ್ಪ ಸಿಟ್ಟ ಮಾಡಕೊಂಡ ಕುಂತಾನು.” ಈಗ ದೇವರು ಮಹಾರಾಷ್ಟ್ರದಲ್ಲಿ, ವಾಹನ ಕರ್ನಾಟಕದಲ್ಲಿ!

ಅಲ್ಲಿಂದ ಅಜ್ಜಿ ನನ್ನ ಕೈಹಿಡಿದು ಒಂದು ಶಾಸನದ ಮುಂದೆ ನಿಲ್ಲಿಸಿದರು. ಈ ಗುಡಿಯಲ್ಲಿ ಯಾದವರ ಸಿಂಘಣನ ಒಂದು ಸಂಸ್ಕೃತ ಶಾಸನ ಬಿಟ್ಟರೆ ಮಿಕ್ಕವೆಲ್ಲ ಕನ್ನಡದವು. “ಸಣ್ಣಾಕಿ ಇದ್ದಾಗಿಂದ ನೋಡಾಕತ್ತೀನಿ. ಏನ ಬರದಾರ ಅಂತ ಯಾರೂ ಹೇಳಿಲ್ಲ. ನೀ ಕನ್ನಡ ಕಲತಾಂವ, ಓದಪಾ.”

ಬೆರಳಾಡಿಸಿದೆ. ಒಂದು ‘ನ’ ಸಿಕ್ಕಿತು, ಒಂದು ‘ರ’ ಸಿಕ್ಕಿತು. ಉಳಿದದ್ದು ನನಗೂ ಸುರುಳಿ ಸುರುಳಿ ಗೆರೆ. ರಾಜ್ಯೋತ್ಸವದ ವೇದಿಕೆಯ ಮೇಲೆ ಎರಡು ಸಾವಿರ ವರ್ಷದ ಭಾಷೆ ಎಂದು ಗುಡುಗಿದ್ದವನಿಗೆ ಒಂದು ಸಾಲು ಓದಲಾಗಲಿಲ್ಲ. ಮಾನ ಉಳಿಸಿಕೊಳ್ಳಲು, “ಯಾರೋ ರಾಜ ಗುಡಿಗೆ ಭೂಮಿ ಕೊಟ್ಟಿದ್ದಾನೆ ಅಜ್ಜಿ” ಎಂದುಬಿಟ್ಟೆ. ಶಾಸನಗಳಲ್ಲಿ ಸಾಮಾನ್ಯವಾಗಿ ಅದೇ ಇರುತ್ತದಲ್ಲವೇ?

“ಹೌದಾ? ಯಾವ ಊರ ಭೂಮಿ?”

ನಾನು ಕಲ್ಲನ್ನೇ ನೋಡುತ್ತಾ ನಿಂತೆ. ಅಜ್ಜಿಗೆ ತಿಳಿಯಿತು. ಬೇಸರಪಡಲಿಲ್ಲ, ನಕ್ಕರು. “ಬರಾಂಗಿಲ್ಲ ಅಂದ್ರ ಬರಾಂಗಿಲ್ಲ ಅನಬೇಕು ತಮ್ಮಾ. ನನಗೂ ಬರಾಂಗಿಲ್ಲಲ್ಲ!”

ಮಿತ್ರರೇ, ಆ ನಗು ಮುಂಬಯಿವರೆಗೂ ನನ್ನ ಜೊತೆಗೇ ಬಂತು. ಈಗ ರಾತ್ರಿ ಊಟವಾದ ಮೇಲೆ ನಮ್ಮ ಕೋಣೆಯಲ್ಲಿ ಪಾಠ ನಡೆಯುತ್ತದೆ. ರೂಂಮೇಟ್ ‘ಅ, ಆ’ ತಿದ್ದುತ್ತಾನೆ. ನಾನು ಲೈಬ್ರರಿಯಿಂದ ತಂದ ಹಳೆಯ ಲಿಪಿಯ ಪಟ್ಟಿ ಹಿಡಿದು ತಿದ್ದುತ್ತೇನೆ. ಅವನೇ ನನಗಿಂತ ಬೇಗ ಕಲಿಯುತ್ತಿದ್ದಾನೆ.

ನಮ್ಮ ಪ್ರಾಧ್ಯಾಪಕರಲ್ಲೋ ನಿಮ್ಮ ಬಂಧುಗಳಲ್ಲೋ ಶಾಸನ ಓದಬಲ್ಲವರಿದ್ದರೆ ದಯವಿಟ್ಟು ತಿಳಿಸಿ. ಮುಂದಿನ ದೀಪಾವಳಿಗೆ ಮತ್ತೆ ಹೋಗುವವನಿದ್ದೇನೆ. ಯಾವ ಊರ ಭೂಮಿ ಎಂದು ಅಜ್ಜಿಗೆ ಹೇಳಬೇಕು. ಅದು ಭೂಮಿಯ ಮಾತೇ ಅಲ್ಲದಿದ್ದರೆ, ಅದನ್ನೂ ಹೇಳಬೇಕು.